ಔಷಧಶಾಸ್ತ್ರದ ಮೂಲತತ್ವಗಳು ಬೆಳೆದು ಬಂದ ಬಗೆ

ಔಷಧವು ದೇಹಕ್ಕೆ ಏನು ಮಾಡುತ್ತದೆ, ದೇಹವು ಔಷಧಕ್ಕೆ ಏನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳ ಮೇಲೆ ನಿಂತಿರುವ ಶಾಸ್ತ್ರ ಫಾರ್ಮಕಾಲಜಿ, ಅಂದರೆ ಔಷಧಶಾಸ್ತ್ರ. ಎಂಬಿಬಿಎಸ್ ಎರಡನೆಯ ಹಂತಕ್ಕೆ ಬಂದ ವಿದ್ಯಾರ್ಥಿ ಅದರ ಮೊದಲ ಅಧ್ಯಾಯಗಳಲ್ಲಿ ಡೋಸು, ಗ್ರಾಹಕ, ಹೀರಿಕೆ, ಅರ್ಧಾಯು, ಚಿಕಿತ್ಸಾ ಸೂಚ್ಯಂಕ ಎಂಬ ಕಲ್ಪನೆಗಳನ್ನು ಒಂದರ ಹಿಂದೊಂದು ಓದುತ್ತಾನೆ. ಪುಸ್ತಕದಲ್ಲಿ ಅವು ಮೊದಲಿನಿಂದಲೂ ಇದ್ದ ಸೂತ್ರಗಳಂತೆ ತೋರುತ್ತವೆ. ಆದರೆ ಪ್ರತಿಯೊಂದರ ಹಿಂದೆಯೂ ಒಂದು ಎಲೆ, ಒಂದು ವಿಷ, ಒಂದು ಯುದ್ಧ ಅಥವಾ ಒಂದು ದುರಂತವಿದೆ. ಇವೆಲ್ಲ ಒಂದು ಶಾಸ್ತ್ರವಾಗಿ ಕೂಡಿಬರಲು ಸುಮಾರು ಎರಡು ಶತಮಾನ ಹಿಡಿಯಿತು.

ಪಟ್ಟಿಗಳ ಕಾಲ

ಔಷಧಶಾಸ್ತ್ರಕ್ಕಿಂತ ಮೊದಲು ಔಷಧಗಳ ಪಟ್ಟಿಗಳಿದ್ದವು. ಕ್ರಿ.ಶ. ಒಂದನೆಯ ಶತಮಾನದಲ್ಲಿ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ಐದು ಸಂಪುಟಗಳಲ್ಲಿ ಬರೆದ ಔಷಧದ್ರವ್ಯಗಳ ಗ್ರಂಥವು ಸುಮಾರು 600 ಸಸ್ಯಗಳನ್ನು ವಿವರಿಸುತ್ತದೆ. ಯುರೋಪಿನ ವೈದ್ಯರು ಹದಿನೈದು ಶತಮಾನಗಳಷ್ಟು ಕಾಲ ಅದನ್ನೇ ನೆಚ್ಚಿಕೊಂಡಿದ್ದರು. ಭಾರತದಲ್ಲಿ ಆಯುರ್ವೇದವು ಪಟ್ಟಿ ಮಾಡುವುದರ ಜೊತೆಗೆ ವಿವರಣೆಗೂ ಕೈಹಾಕಿತು. ದ್ರವ್ಯದ ಕೆಲಸವನ್ನು ರಸ, ಗುಣ, ವೀರ್ಯ, ವಿಪಾಕಗಳಿಂದ ಊಹಿಸುವ ಕ್ರಮ ಅದರದು. ಈ ಲೆಕ್ಕಕ್ಕೆ ಸಿಗದ ಕೆಲಸಗಳೂ ಇವೆ ಎಂದು ಚರಕಸಂಹಿತೆ ಒಪ್ಪುತ್ತದೆ. ಚಿತ್ರಮೂಲ, ದಂತಿ ಎರಡೂ ರುಚಿಯಲ್ಲಿ ಖಾರ, ವೀರ್ಯದಲ್ಲಿ ಉಷ್ಣ, ವಿಪಾಕದಲ್ಲಿಯೂ ಖಾರ. ಆದರೆ ಭೇದಿ ಮಾಡಿಸುವುದು ದಂತಿ ಮಾತ್ರ. ಇದನ್ನು ದ್ರವ್ಯದ ವಿಶೇಷ ಶಕ್ತಿ, ಅಂದರೆ ಪ್ರಭಾವ, ಎಂದು ಸಂಹಿತೆ ಕರೆಯಿತು. ಒಂದೇ ಬಗೆಯಂತೆ ಕಾಣುವ ಎರಡು ದ್ರವ್ಯಗಳು ಬೇರೆಬೇರೆ ಕೆಲಸ ಮಾಡುವುದೇಕೆ ಎಂಬ ಪ್ರಶ್ನೆ ಇಲ್ಲಿ ಸ್ಪಷ್ಟವಾಗಿಯೇ ಇದೆ. ಉತ್ತರ ಹುಡುಕಲು ಬೇಕಾದ ರಸಾಯನ ಜ್ಞಾನ ಆಗ ಎಲ್ಲಿಯೂ ಇರಲಿಲ್ಲ.

ವಿಷವೂ ಔಷಧದಷ್ಟೇ ಹಳೆಯ ವಿಷಯ. ಹದಿನಾಲ್ಕನೆಯ ಶತಮಾನದ ಕನ್ನಡ ಕವಿ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಪೂರ್ತಿಯಾಗಿ ವಿಷವೈದ್ಯಕ್ಕೆ ಮೀಸಲಾದ ಗ್ರಂಥ. ವಿಷ ಮತ್ತು ಔಷಧದ ನಡುವಿನ ಗೆರೆಯನ್ನು ಪ್ರಮಾಣದ ಮೇಲೆ ಎಳೆದವನು ಹದಿನಾರನೆಯ ಶತಮಾನದ ಸ್ವಿಸ್ ವೈದ್ಯ ಪ್ಯಾರಸೆಲ್ಸಸ್. ವಿಷವಲ್ಲದ ವಸ್ತುವೇ ಇಲ್ಲ, ಪ್ರಮಾಣವೊಂದೇ ವಿಷವನ್ನು ವಿಷವಲ್ಲದ್ದರಿಂದ ಬೇರ್ಪಡಿಸುತ್ತದೆ ಎಂಬುದು ಅವನ ನಿಲುವು. ನಿಲುವು ಸರಿಯಾಗಿದ್ದರೂ ಪ್ರಮಾಣವನ್ನು ಅಳೆಯುವ ಉಪಾಯ ಇನ್ನೂ ಹುಟ್ಟಿರಲಿಲ್ಲ.

ಡಿಜಿಟಾಲಿಸ್ ಕಲಿಸಿದ ಪಾಠ

ಆ ಕೆಲಸವನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ಶಿಸ್ತಿನಿಂದ ಮಾಡಿ ತೋರಿಸಿದವರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನ ವೈದ್ಯ ವಿಲಿಯಂ ವಿದರಿಂಗ್ ಮುಖ್ಯನು. 1775ರಲ್ಲಿ ಅವನ ಮುಂದೆ ಮನೆಮದ್ದೊಂದು ಬಂತು. ಮೈಗೆ ನೀರು ತುಂಬಿ ಬಾತುಕೊಳ್ಳುವ ರೋಗಕ್ಕೆ ಶ್ರಾಪ್‌ಶೈರ್ ಸೀಮೆಯ ವೃದ್ಧೆಯೊಬ್ಬಳು ಗುಟ್ಟಾಗಿ ಕೊಡುತ್ತಿದ್ದ, ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆಗಳ ಮದ್ದು ಅದು. ಅದರಲ್ಲಿ ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಅಂದರೆ ಡಿಜಿಟಾಲಿಸ್ ಗಿಡದ ಎಲೆಯೊಂದೇ ಎಂದು ವಿದರಿಂಗ್ ಗುರುತಿಸಿದ. ಹತ್ತು ವರ್ಷ ಅದನ್ನು ಬಳಸಿ, 150ಕ್ಕೂ ಹೆಚ್ಚು ರೋಗಿಗಳ ವಿವರವನ್ನು 1785ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಗುಣವಾಗದವರ ಮತ್ತು ಸತ್ತವರ ವಿವರಗಳನ್ನೂ ಅವನು ಬಿಡಲಿಲ್ಲ.

ಗಿಡದ ಶಕ್ತಿ ಋತುವಿಗೆ ತಕ್ಕಂತೆ ಬದಲಾಗುತ್ತದೆಂದು ಕಂಡುಕೊಂಡ ವಿದರಿಂಗ್, ಹೂ ಬಿಡುವ ಕಾಲದಲ್ಲಷ್ಟೇ ಎಲೆ ಕೊಯ್ಯಬೇಕೆಂದು ಗೊತ್ತುಮಾಡಿದ. ಎಲೆಯನ್ನು ಒಣಗಿಸಿ ಪುಡಿ ಮಾಡಿ ತೂಕದಲ್ಲಿ ಕೊಟ್ಟ. ಮೊದಮೊದಲು ವಾಂತಿಯಾಗುವವರೆಗೂ ಮದ್ದು ಮುಂದುವರಿಸುವುದು ರೂಢಿಯಾಗಿತ್ತು. ಚಿಕಿತ್ಸೆಗೆ ಅಷ್ಟು ಪ್ರಮಾಣ ಬೇಕಿಲ್ಲ, ವಾಂತಿಯೆಂಬುದು ಪ್ರಮಾಣ ಮೀರಿದ್ದರ ಗುರುತು ಎಂದು ಅನುಭವ ಕಲಿಸಿತು. ಮೂತ್ರ ಹೆಚ್ಚಿದರೆ, ಹೊಟ್ಟೆ ತೊಳಸಿದರೆ, ನಾಡಿ ನಿಧಾನವಾದರೆ, ಭೇದಿಯಾದರೆ ಮದ್ದನ್ನು ನಿಲ್ಲಿಸಬೇಕೆಂಬ ನಿಯಮ ಹೀಗೆ ಹುಟ್ಟಿತು. ಗುಣ ಕೊಡುವ ಪ್ರಮಾಣಕ್ಕೂ ಕೆಡುಕು ಮಾಡುವ ಪ್ರಮಾಣಕ್ಕೂ ಅಂತರ ಕಡಿಮೆಯಿರುವ ಔಷಧಕ್ಕೆ ಡಿಜಿಟಾಲಿಸ್ ಇಂದಿಗೂ ಪಾಠದ ಉದಾಹರಣೆ. ಅದರಿಂದ ತೆಗೆದ ಡಿಗಾಕ್ಸಿನ್ ಕೊಡುವಾಗ ರಕ್ತದಲ್ಲಿ ಅದರ ಮಟ್ಟವನ್ನು ಅಳೆದು ನೋಡುವುದುಂಟು.

ಎಲೆಯಿಂದ ಸತ್ವಕ್ಕೆ

ಎಲೆ, ಬೇರು, ಅಂಟುಗಳಲ್ಲಿರುವ ಮದ್ದಿನ ಅಂಶ ಗಿಡದಿಂದ ಗಿಡಕ್ಕೆ ಬದಲಾಗುತ್ತದೆ. ನಿಖರವಾದ ಡೋಸು ಬೇಕೆಂದರೆ ಸತ್ವವನ್ನು ಶುದ್ಧವಾಗಿ ತೆಗೆಯಬೇಕು. ಅಫೀಮಿನಿಂದ ನಿದ್ದೆ ತರಿಸುವ ಅಂಶವನ್ನು ಬೇರ್ಪಡಿಸಿದವನು ಜರ್ಮನಿಯ ಪಾಡರ್‌ಬೋರ್ನ್ ಊರಿನ ಔಷಧದಂಗಡಿಯಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಶ್ ಸೆರ್ಟ್ಯೂರ್ನರ್. 1805ರ ಸುಮಾರಿಗೆ ಅವನು ಮೊದಲು ಪ್ರಕಟಿಸಿದ ಬರಹವನ್ನು ಯಾರೂ ಗಮನಿಸಲಿಲ್ಲ. 1817ರ ಬರಹದಲ್ಲಿ ತಾನೂ ಮೂವರು ಯುವಕರೂ ಆ ಹರಳನ್ನು ಅರ್ಧರ್ಧ ಗ್ರೇನಿನಂತೆ ನುಂಗಿ ಕಂಡ ಪರಿಣಾಮವನ್ನು ವರದಿ ಮಾಡಿದ. ಮೂರನೆಯ ಸಲ ನುಂಗಿದ ಮೇಲೆ ಸ್ಥಿತಿ ಗಂಭೀರವಾಗಿ, ವಿನೆಗರ್ ಕುಡಿದು ವಾಂತಿ ಮಾಡಿಕೊಳ್ಳಬೇಕಾಯಿತು. ಆ ಹರಳೇ ಮಾರ್ಫೀನ್.

ಇದರ ಬೆನ್ನಿಗೇ ಪ್ಯಾರಿಸಿನಲ್ಲಿ ಪೆಲೆಟಿಯೆ ಮತ್ತು ಕಾವಂತೂ 1818ರಲ್ಲಿ ಸ್ಟ್ರಿಕ್ನೀನನ್ನೂ 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೀನನ್ನೂ ತೆಗೆದರು. ಮದರಾಸು ಪ್ರಾಂತ್ಯದ ನೀಲಗಿರಿಯಲ್ಲಿ 1860ರ ದಶಕದಲ್ಲಿ ಸಿಂಕೋನಾ ತೋಟಗಳು ಎದ್ದಾಗ, ತೊಗಟೆಯ ಸತ್ವವನ್ನು ಪರೀಕ್ಷಿಸಲು ಸರ್ಕಾರ ಒಬ್ಬ ರಸಾಯನತಜ್ಞನನ್ನೇ ನೇಮಿಸಿತು. ತೊಗಟೆಯ ತೂಕಕ್ಕಿಂತ ಅದರಲ್ಲಿರುವ ಸತ್ವದ ತೂಕ ಮುಖ್ಯವೆಂಬ ತಿಳಿವಳಿಕೆ ಅಷ್ಟರಲ್ಲಿ ವ್ಯಾಪಾರಕ್ಕೂ ಇಳಿದಿತ್ತು.

ಔಷಧ ಕೆಲಸ ಮಾಡುವ ಜಾಗ

ಶುದ್ಧ ವಸ್ತು ಕೈಗೆ ಬಂದ ಮೇಲೆ, ಅದು ದೇಹದ ಯಾವ ಭಾಗದಲ್ಲಿ ಕೆಲಸ ಮಾಡುತ್ತದೆಂದು ಕೇಳಲು ಸಾಧ್ಯವಾಯಿತು. 1809ರಲ್ಲಿ ಫ್ರೆಂಚ್ ಶರೀರಶಾಸ್ತ್ರಜ್ಞ ಫ್ರಾಂಸ್ವಾ ಮಜಾಂಡಿ ಜಾವಾ ದ್ವೀಪದ ಬಾಣದ ವಿಷವೊಂದನ್ನು ನಾಯಿಗಳ ಮೇಲೆ ಪರೀಕ್ಷಿಸಿದ. ಧಮನಿ ಮತ್ತು ಅಭಿಧಮನಿ ಬಿಟ್ಟು ಮತ್ತೆಲ್ಲವನ್ನೂ ಕತ್ತರಿಸಿದ ಕಾಲಿಗೆ ವಿಷ ಹಾಕಿದಾಗಲೂ ಸೆಳವು ಬಂತು. ವಿಷವು ರಕ್ತದ ಮೂಲಕವೇ ಸಾಗುತ್ತದೆ, ಬೆನ್ನುಹುರಿಯನ್ನು ತಲುಪಿ ಅಲ್ಲಿ ಕೆಲಸ ಮಾಡುತ್ತದೆ ಎಂದು ಅವನು ತೋರಿಸಿದ.

ಮಜಾಂಡಿಯ ಶಿಷ್ಯ ಕ್ಲಾಡ್ ಬರ್ನಾರ್ ಇದೇ ದಾರಿಯಲ್ಲಿ ಮುಂದೆ ಹೋಗಿ, ದಕ್ಷಿಣ ಅಮೆರಿಕದ ಬೇಟೆಗಾರರ ಬಾಣದ ವಿಷವಾದ ಕುರಾರೆಯನ್ನು ಕಪ್ಪೆಯ ಮೇಲೆ ಪ್ರಯೋಗಿಸಿದ. ಒಂದು ಹಿಂಗಾಲಿಗೆ ರಕ್ತ ಹೋಗದಂತೆ ಕಟ್ಟಿ ವಿಷ ಕೊಟ್ಟಾಗ ಇಡೀ ದೇಹ ಸ್ತಬ್ಧವಾಯಿತು. ಆದರೆ ಸ್ತಬ್ಧವಾದ ಭಾಗವನ್ನು ಚಿವುಟಿದರೆ ಕಟ್ಟಿದ ಕಾಲು ಒದೆಯಿತು. ಅಂದರೆ ಸಂವೇದನೆಯ ನರಗಳೂ ಬೆನ್ನುಹುರಿಯೂ ಸರಿಯಾಗಿಯೇ ಇದ್ದವು. ಸ್ತಬ್ಧವಾದ ಸ್ನಾಯುವಿಗೆ ನೇರವಾಗಿ ವಿದ್ಯುತ್ ತಾಗಿಸಿದಾಗ ಅದು ಕುಗ್ಗಿತು. ಅದರ ನರಕ್ಕೆ ತಾಗಿಸಿದಾಗ ಮಾತ್ರ ಕುಗ್ಗಲಿಲ್ಲ. ಸ್ನಾಯುವನ್ನೂ ನರದ ಕಾಂಡವನ್ನೂ ಬಿಟ್ಟು ಅವೆರಡೂ ಕೂಡುವ ಎಡೆಯಲ್ಲಿ ಕುರಾರೆ ಕೆಲಸ ಮಾಡುತ್ತದೆಂಬ ತೀರ್ಮಾನಕ್ಕೆ ಇದು ದಾರಿಯಾಯಿತು. 1942ರಲ್ಲಿ ಮಾಂಟ್ರಿಯಲ್‌ನ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕುರಾರೆಯನ್ನು ಬಳಸತೊಡಗಿದರು. ಅರಿವಳಿಕೆ ತಜ್ಞರ ಕೈಯಲ್ಲಿ ಬಾಣದ ವಿಷ ಹೀಗೆ ಔಷಧವಾಯಿತು.

ಸ್ವತಂತ್ರ ಶಾಸ್ತ್ರವಾದದ್ದು

ಆವರೆಗೆ ವೈದ್ಯ ವಿದ್ಯಾರ್ಥಿಗಳು ಓದುತ್ತಿದ್ದುದು ಔಷಧದ್ರವ್ಯಗಳ ಹೆಸರು, ಊರು, ಬಣ್ಣ, ವಾಸನೆ, ಬೆರಕೆಗಳನ್ನು. ಈ ಬಾಯಿಪಾಠವನ್ನು ಪ್ರಯೋಗದ ವಿಷಯವಾಗಿ ಮಾಡಿದವನು ರುಡಾಲ್ಫ್ ಬುಕ್‌ಹೈಮ್. ಇಂದು ಎಸ್ಟೋನಿಯದ ತಾರ್ತು ಎನಿಸಿಕೊಂಡಿರುವ ದೋರ್ಪಾತ್ ವಿಶ್ವವಿದ್ಯಾಲಯಕ್ಕೆ 1847ರಲ್ಲಿ ಬಂದ ಅವನು ತನ್ನ ಮನೆಯ ನೆಲಮಾಳಿಗೆಯಲ್ಲಿಯೇ ಪ್ರಯೋಗಾಲಯ ತೆರೆದ. ಜಗತ್ತಿನ ಮೊದಲ ಔಷಧಶಾಸ್ತ್ರ ಪ್ರಯೋಗಾಲಯವೆಂದು ಅದು ಹೆಸರಾಗಿದೆ.

ಬುಕ್‌ಹೈಮನ ಶಿಷ್ಯ ಓಸ್ವಾಲ್ಡ್ ಶ್ಮೀಡೆಬರ್ಗ್ 1872ರಲ್ಲಿ ಸ್ಟ್ರಾಸ್‌ಬೂರ್ಗ್‌ಗೆ ಹೋಗಿ, ಮರುವರ್ಷ ಈ ಶಾಸ್ತ್ರಕ್ಕೆ ಮೀಸಲಾದ ಪತ್ರಿಕೆಯೊಂದನ್ನು ಇತರ ಇಬ್ಬರೊಂದಿಗೆ ಆರಂಭಿಸಿದ. ನಾನಾ ದೇಶಗಳಿಂದ ಬಂದ ಶಿಷ್ಯರು ಅವನಲ್ಲಿ ಕಲಿತು ಹೋಗಿ ತಂತಮ್ಮ ವಿಶ್ವವಿದ್ಯಾಲಯಗಳಲ್ಲಿ ಈ ಪೀಠಗಳನ್ನು ಹಿಡಿದರು. ಅವರಲ್ಲಿ ಒಬ್ಬನಾದ ಜಾನ್ ಜೇಕಬ್ ಏಬಲ್ 1891ರಲ್ಲಿ ಮಿಶಿಗನ್‌ನಲ್ಲಿ, 1893ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಔಷಧಶಾಸ್ತ್ರವನ್ನು ನೆಲೆಗೊಳಿಸಿದ. 1941ರಲ್ಲಿ ಲೂಯಿ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಬರೆದ ಪಠ್ಯಪುಸ್ತಕವು ಪರಿಷ್ಕರಣೆಗೊಳ್ಳುತ್ತ ಇಂದಿಗೂ ವೈದ್ಯಕೀಯ ಕಾಲೇಜುಗಳ ಗ್ರಂಥಾಲಯದಲ್ಲಿದೆ.

ಗ್ರಾಹಕದ ಕಲ್ಪನೆ

ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲಿ ಕೋಳಿಯ ಸ್ನಾಯುವಿನ ಮೇಲೆ ಮಾಡಿದ ಪ್ರಯೋಗಗಳು ಬರ್ನಾರನ ಪ್ರಶ್ನೆಯನ್ನು ಇನ್ನೂ ಒಳಕ್ಕೆ ಒಯ್ದವು. ನರವನ್ನು ಕತ್ತರಿಸಿ ಅದು ಪೂರ್ತಿ ಸತ್ತ ಮೇಲೂ ನಿಕೋಟಿನ್ ಸ್ನಾಯುವನ್ನು ಕುಗ್ಗಿಸಿತು. ಕುರಾರೆ ಕೊಟ್ಟರೆ ಆ ಕುಗ್ಗುವಿಕೆ ನಿಂತಿತು. ಆದರೂ ವಿದ್ಯುತ್ತಿಗೆ ಸ್ನಾಯು ಎಂದಿನಂತೆ ಸ್ಪಂದಿಸಿತು. ಹಾಗಾದರೆ ಎರಡೂ ವಸ್ತುಗಳು ಅಂಟಿಕೊಳ್ಳುವುದು ನರಕ್ಕೂ ಅಲ್ಲ, ಕುಗ್ಗುವ ಅಂಶಕ್ಕೂ ಅಲ್ಲ, ಸ್ನಾಯುಕೋಶದಲ್ಲಿರುವ ಮೂರನೆಯದೊಂದು ಗ್ರಾಹಕ ವಸ್ತುವಿಗೆ ಎಂದು ಲ್ಯಾಂಗ್ಲಿ ವಾದಿಸಿದ.

ಇದೇ ಕಾಲದಲ್ಲಿ ಜರ್ಮನಿಯ ಪೌಲ್ ಏರ್ಲಿಶ್ ಬಣ್ಣಗಳ ಅಧ್ಯಯನದಿಂದ ಹೊರಟು ಇದಕ್ಕೆ ಹತ್ತಿರದ ಕಲ್ಪನೆಗೆ ಬಂದಿದ್ದ. ಕೆಲವು ಬಣ್ಣಗಳು ಕೆಲವು ಕೋಶಗಳಿಗಷ್ಟೇ ಹಿಡಿಯುತ್ತವೆ, ಔಷಧವೂ ಹಾಗೆಯೇ ಹಿಡಿಯದೆ ಕೆಲಸ ಮಾಡದು ಎಂಬುದು ಅವನ ತತ್ವ. ಬೀಗಕ್ಕೆ ತಕ್ಕ ಕೀಲಿ ಎಂಬ, ಎಮಿಲ್ ಫಿಶರ್ ಕಿಣ್ವಗಳಿಗೆ ಹೇಳಿದ್ದ ಹೋಲಿಕೆಯನ್ನು ಇಲ್ಲಿಗೂ ಅನ್ವಯಿಸಲಾಯಿತು. ಜಪಾನಿನ ಸಹಾಚಿರೊ ಹಾತಾ ಜೊತೆ 1909ರಲ್ಲಿ ಸಿಫಿಲಿಸ್‌ಗೆ ಮದ್ದಾಗಿ ಏರ್ಲಿಶ್ ಕಂಡುಕೊಂಡ 606ನೆಯ ಸಂಯುಕ್ತ ಮರುವರ್ಷ ಸಾಲ್ವರ್ಸನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ರೋಗಿ ತಾಳಬಲ್ಲ ಗರಿಷ್ಠ ಪ್ರಮಾಣವನ್ನು ರೋಗ ಗುಣಪಡಿಸುವ ಕನಿಷ್ಠ ಪ್ರಮಾಣದೊಂದಿಗೆ ಹೋಲಿಸುವ ಸೂಚ್ಯಂಕವನ್ನೂ ಬಳಕೆಗೆ ತಂದವನು ಏರ್ಲಿಶ್.

ಗ್ರಾಹಕವನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಬಹಳ ಮಂದಿ ಅದನ್ನು ನಂಬಲಿಲ್ಲ. 1926ರಲ್ಲಿ ಎ.ಜೆ. ಕ್ಲಾರ್ಕ್ ಕಪ್ಪೆಯ ಹೃದಯದ ಮೇಲೆ ಅಸಿಟೈಲ್‌ಕೋಲೀನಿನ ಪರಿಣಾಮವನ್ನು ಅಳೆದು, ಪ್ರಮಾಣಕ್ಕೂ ಪರಿಣಾಮಕ್ಕೂ ಇರುವ ಸಂಬಂಧವನ್ನು ಗಣಿತದ ವಕ್ರರೇಖೆಯಾಗಿ ಬರೆದ. ಕೋಶದ ಹೊರಮೈಯ ಅತ್ಯಲ್ಪ ಭಾಗಕ್ಕೆ ಔಷಧ ತಾಗಿದರೂ ಪೂರ್ಣ ಪರಿಣಾಮ ಬರಬಲ್ಲದೆಂದು ಲೆಕ್ಕ ಹಾಕಿದ. ಗ್ರಾಹಕಕ್ಕೆ ಅಂಟುವುದು ಬೇರೆ, ಅಂಟಿದ ಮೇಲೆ ಅದನ್ನು ಚುರುಕುಗೊಳಿಸುವುದು ಬೇರೆ ಎಂಬ ವ್ಯತ್ಯಾಸವನ್ನು 1950ರ ದಶಕದಲ್ಲಿ ಆರಿಯೆನ್ಸ್ ಮತ್ತು ಸ್ಟೀಫನ್ಸನ್ ಸ್ಪಷ್ಟಪಡಿಸಿದರು. ಅಂಟಿಯೂ ಚುರುಕುಗೊಳಿಸದ ವಸ್ತು ಪ್ರತಿರೋಧಕ. ಅಂಟಿ ಅರೆಬರೆ ಚುರುಕುಗೊಳಿಸುವುದು ಭಾಗಶಃ ಪ್ರಚೋದಕ.

ಅಡ್ರಿನಲಿನ್‌ಗೆ ಒಂದೇ ಬಗೆಯ ಗ್ರಾಹಕವಿಲ್ಲ, ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಗಳಿವೆ ಎಂದು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಬರೆದ. ಅವನ ಲೇಖನವನ್ನು ಔಷಧಶಾಸ್ತ್ರದ ಪತ್ರಿಕೆ ತಿರಸ್ಕರಿಸಿದ್ದರಿಂದ ಅದು ಶರೀರಶಾಸ್ತ್ರದ ಪತ್ರಿಕೆಯಲ್ಲಿ ಬೆಳಕು ಕಂಡಿತು. ಅದನ್ನು ಓದಿದ ಜೇಮ್ಸ್ ಬ್ಲ್ಯಾಕ್, ಹೃದಯದ ಬೀಟಾ ಗ್ರಾಹಕವನ್ನು ತಡೆದರೆ ಎದೆನೋವಿಗೆ ಉಪಶಮನ ಸಿಗಬಹುದೆಂದು ಯೋಚಿಸಿ 1960ರ ದಶಕದಲ್ಲಿ ಪ್ರೊಪ್ರಾನಲಾಲ್ ರೂಪಿಸಿದ. ಗ್ರಾಹಕವನ್ನು ಮೊದಲು ಗುರುತಿಸಿ, ಅದಕ್ಕೆ ತಕ್ಕ ಔಷಧವನ್ನು ಆಮೇಲೆ ಕಟ್ಟುವ ಪದ್ಧತಿಗೆ ಇದು ಮಾದರಿಯಾಯಿತು. 1988ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಬ್ಲ್ಯಾಕ್ ಒಬ್ಬ.

ಅಳತೆಯ ಪ್ರಶ್ನೆ

1922ರಲ್ಲಿ ಇನ್ಸುಲಿನ್ ಬಳಕೆಗೆ ಬಂದಾಗ ಅದನ್ನು ತೂಕದಿಂದ ಅಳೆಯುವಷ್ಟು ಶುದ್ಧವಾಗಿ ತೆಗೆಯಲು ಆಗುತ್ತಿರಲಿಲ್ಲ. ಮೊಲದ ರಕ್ತದ ಸಕ್ಕರೆ ಎಷ್ಟು ಇಳಿಯುತ್ತದೆಂದು ನೋಡಿ ಅದರ ಶಕ್ತಿಯನ್ನು ಯೂನಿಟ್‌ಗಳಲ್ಲಿ ಹೇಳಬೇಕಾಗಿತ್ತು. ಒಂದೊಂದು ಪ್ರಾಣಿ ಒಂದೊಂದು ರೀತಿ ಸ್ಪಂದಿಸುತ್ತಿದ್ದುದರಿಂದ ಒಂದು ದೇಶದ ಯೂನಿಟ್ ಇನ್ನೊಂದು ದೇಶದ್ದಕ್ಕೆ ಹೊಂದುತ್ತಿರಲಿಲ್ಲ. ಹೆನ್ರಿ ಡೇಲ್ ಮುಂತಾದವರು ಲೀಗ್ ಆಫ್ ನೇಶನ್ಸ್ ಮೂಲಕ ಅಂತರರಾಷ್ಟ್ರೀಯ ಮಾದರಿಯೊಂದನ್ನು ಗೊತ್ತುಮಾಡಿದರು. ಇನ್ಸುಲಿನ್ ಇಂದಿಗೂ ಯೂನಿಟ್‌ಗಳಲ್ಲಿಯೇ ಮಾರಾಟವಾಗುತ್ತದೆ.

ಜೆ.ಡಬ್ಲ್ಯು. ಟ್ರೆವಾನ್ 1927ರಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ಕೊಲ್ಲುವ ಕನಿಷ್ಠ ಪ್ರಮಾಣವೆಂಬುದು ಅರ್ಥವಿಲ್ಲದ ಮಾತು, ಏಕೆಂದರೆ ಅದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಗುಂಪಿನ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವನ್ನಾದರೆ ನೆಚ್ಚಬಹುದು ಎಂದು ಅವನು ತೋರಿಸಿದ. ಪಠ್ಯದಲ್ಲಿ ಬರುವ ಎಲ್‌ಡಿ50 ಮತ್ತು ಗುಂಪಿನ ಅರ್ಧದಷ್ಟರಲ್ಲಿ ಪರಿಣಾಮ ತೋರುವ ಪ್ರಮಾಣವಾದ ಇಡಿ50 ಇವೆರಡೂ ಈ ತರ್ಕದಿಂದ ಬಂದವು. ಅಪಾರ ಸಂಖ್ಯೆಯ ಪ್ರಾಣಿಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಹಳೆಯ ಎಲ್‌ಡಿ50 ಪರೀಕ್ಷಾ ಕ್ರಮವನ್ನು 2002ರಲ್ಲಿ ಒಇಸಿಡಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟಿತು.

ದೇಹ ಔಷಧಕ್ಕೆ ಮಾಡುವುದು

ನುಂಗಿದ ವಸ್ತುವನ್ನು ದೇಹ ಮಾರ್ಪಡಿಸುತ್ತದೆಂದು 1840ರ ದಶಕದಲ್ಲಿಯೇ ತಿಳಿದಿತ್ತು. ಬೆಂಜೋಯಿಕ್ ಆಮ್ಲವನ್ನು ಸೇವಿಸಿದವರ ಮೂತ್ರದಲ್ಲಿ ಹಿಪ್ಯುರಿಕ್ ಆಮ್ಲ ಹೊರಬರುವುದನ್ನು ಆಗ ಕಂಡಿದ್ದರು. ಆದರೆ ಔಷಧದ ಚಲನೆಯನ್ನು ಅಳೆದು ಡೋಸನ್ನು ಗೊತ್ತುಮಾಡುವ ಕ್ರಮ ಬಲಿತದ್ದು ಎರಡನೆಯ ಮಹಾಯುದ್ಧದಲ್ಲಿ. 1942ರಲ್ಲಿ ಜಪಾನ್ ಜಾವಾವನ್ನು ಹಿಡಿದಾಗ ಜಗತ್ತಿನ ಕ್ವಿನೀನ್ ಪೂರೈಕೆಯ ಬಹುಪಾಲು ಮಿತ್ರರಾಷ್ಟ್ರಗಳ ಕೈತಪ್ಪಿತು. ಬದಲಿಯಾದ ಮೆಪಕ್ರಿನ್ ಎಂಬ ಔಷಧ ಕೆಲವೊಮ್ಮೆ ಮಲೇರಿಯಾಕ್ಕೆ ನಾಟುತ್ತಿರಲಿಲ್ಲ, ಹೆಚ್ಚು ಕೊಟ್ಟರೆ ಸೈನಿಕರಿಗೆ ವಾಂತಿ ಭೇದಿ. ನ್ಯೂಯಾರ್ಕಿನಲ್ಲಿ ಜೇಮ್ಸ್ ಶಾನನ್ ಮತ್ತು ಬರ್ನಾರ್ಡ್ ಬ್ರೋಡಿ ಅವರ ತಂಡ ರಕ್ತದ ಪ್ಲಾಸ್ಮಾದಲ್ಲಿ ಅದರ ಮಟ್ಟವನ್ನು ಅಳೆಯಿತು. ಔಷಧದ ಬಹುಭಾಗ ಯಕೃತ್ತು, ಸ್ನಾಯು ಮೊದಲಾದ ಅಂಗಾಂಶಗಳಿಗೆ ಇಳಿದುಹೋಗುತ್ತಿತ್ತು. ಮೊದಲು ದೊಡ್ಡ ಡೋಸು ಕೊಟ್ಟು ಅಂಗಾಂಶಗಳನ್ನು ತುಂಬಿಸಿ, ಆಮೇಲೆ ದಿನಕ್ಕೆ ಸ್ವಲ್ಪ ಕೊಟ್ಟು ಮಟ್ಟ ಕಾಯ್ದುಕೊಳ್ಳುವ ಕ್ರಮವನ್ನು ಅವರು ಸೂಚಿಸಿದರು. ಆರಂಭಿಕ ಭಾರಿ ಡೋಸು, ನಿರ್ವಹಣಾ ಡೋಸು ಎಂಬ ಜೋಡಿ ಹೀಗೆ ಬಲಗೊಂಡಿತು.

1948ರಲ್ಲಿ ಬ್ರೋಡಿ ಮತ್ತು ಜೂಲಿಯಸ್ ಆಕ್ಸೆಲ್‌ರಾಡ್, ಅಸಿಟನಿಲೈಡ್ ಎಂಬ ಹಳೆಯ ನೋವುನಿವಾರಕ ದೇಹದಲ್ಲಿ ಪ್ಯಾರಸಿಟಮಾಲ್ ಆಗಿ ಮಾರ್ಪಡುತ್ತದೆ, ನೋವು ಇಳಿಸುವುದು ಈ ಮಾರ್ಪಟ್ಟ ವಸ್ತುವೇ ಎಂದು ತೋರಿಸಿದರು. ಹೀರಿಕೆ, ಹರಡಿಕೆ, ಮಾರ್ಪಾಡು, ವಿಸರ್ಜನೆ ಎಂಬ ನಾಲ್ಕು ಹಂತಗಳ ಅಧ್ಯಯನಕ್ಕೆ ಫಾರ್ಮಕೊಕೈನೆಟಿಕ್ಸ್ ಎಂಬ ಹೆಸರನ್ನು 1953ರಲ್ಲಿ ಕೊಟ್ಟವನು ಜರ್ಮನಿಯ ಮಕ್ಕಳ ವೈದ್ಯ ಎಫ್.ಎಚ್. ಡೋಸ್ಟ್. ಒಂದೇ ಡೋಸು ಎಲ್ಲರಿಗೂ ಒಂದೇ ಆಗದೆ ಇರುವುದಕ್ಕೆ ವಂಶವಾಹಿಯೂ ಕಾರಣವೆಂದು 1956ರಲ್ಲಿ ಸಿದ್ಧವಾಯಿತು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಕೆಲವರಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುವುದು ಜಿ6ಪಿಡಿ ಕಿಣ್ವದ ಕೊರತೆಯಿಂದ ಎಂದು ಆ ವರ್ಷ ಗೊತ್ತಾಯಿತು.

ಭಾರತದಲ್ಲಿ

ಭಾರತದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ರಾಮನಾಥ ಚೋಪ್ರಾ. ಕೇಂಬ್ರಿಜ್‌ನಲ್ಲಿ ಕಲಿತ ಅವರು 1921ರಲ್ಲಿ ಕಲ್ಕತ್ತದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ಪ್ರಾಧ್ಯಾಪಕರಾಗಿ ದೇಶೀ ಔಷಧಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೆಲಸ ಕೈಗೊಂಡರು. ಬೆರಕೆ ಔಷಧಗಳ ಹಾವಳಿಯನ್ನು ತನಿಖೆ ಮಾಡಲು 1930ರಲ್ಲಿ ನೇಮಕವಾದ ಸಮಿತಿಗೆ ಅವರೇ ಅಧ್ಯಕ್ಷರು. ಆ ವರದಿಯ ಫಲವಾಗಿ 1940ರ ಔಷಧ ಕಾಯಿದೆ ಬಂತು.

ಪರೀಕ್ಷೆಯಲ್ಲಿ ಗೆದ್ದ ದೇಶೀ ಮೂಲಿಕೆಗಳಲ್ಲಿ ಸರ್ಪಗಂಧ ಮುಖ್ಯವಾದುದು. ಪಶ್ಚಿಮ ಘಟ್ಟದ ಕಾಡುಗಳಲ್ಲಿಯೂ ಬೆಳೆಯುವ ಈ ಗಿಡದ ಬೇರು ರಕ್ತದ ಒತ್ತಡವನ್ನು ಇಳಿಸುತ್ತದೆಂದು 1931ರಲ್ಲಿ ಸೇನ್ ಮತ್ತು ಬೋಸ್ ವರದಿ ಮಾಡಿದರು. ಮುಂಬಯಿಯ ರುಸ್ತಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ತಮ್ಮ ರೋಗಿಗಳ ಫಲಿತಾಂಶ ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ತೆಗೆದರು. ಅದು ಮೆದುಳಿನಲ್ಲಿ ಸೆರೊಟೋನಿನ್, ಡೋಪಮೀನ್‌ಗಳ ಸಂಗ್ರಹವನ್ನು ಬರಿದು ಮಾಡುತ್ತದೆಂದು ತಿಳಿದದ್ದು ಔಷಧಶಾಸ್ತ್ರಕ್ಕೆ ದೊಡ್ಡ ಲಾಭ. ರೆಸರ್ಪಿನ್‌ನಿಂದ ಮರಗಟ್ಟಿದ ಮೊಲಗಳನ್ನು ಅರ್ವಿದ್ ಕಾರ್ಲ್‌ಸನ್ 1957ರಲ್ಲಿ ಎಲ್-ಡೋಪಾ ಕೊಟ್ಟು ಮತ್ತೆ ಓಡಾಡಿಸಿದ. ಪಾರ್ಕಿನ್ಸನ್ ಕಾಯಿಲೆಯ ಇಂದಿನ ಚಿಕಿತ್ಸೆಗೆ ದಾರಿ ತೋರಿದ ಪ್ರಯೋಗವದು.

ಹಳೆಯ ಪಟ್ಟಿಯಿಂದ ಬಿದ್ದುಹೋದವೂ ಇವೆ. ಮೈಸೂರು ಸಂಸ್ಥಾನವು 1916-17ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಗಂಧದೆಣ್ಣೆ ಕಾರ್ಖಾನೆಗಳನ್ನು ಆರಂಭಿಸಿದಾಗ ಆ ಎಣ್ಣೆಗೆ ಸುಗಂಧದ ಪೇಟೆಯ ಜೊತೆಗೆ ಔಷಧದ ಪೇಟೆಯೂ ಇತ್ತು. ಮೂತ್ರನಾಳದ ಸೋಂಕಿಗೂ ಗೊನೊರಿಯಾಕ್ಕೂ ಅದನ್ನು ಕೊಡುತ್ತಿದ್ದರು. ಸಲ್ಫಾ ಔಷಧಗಳೂ ಪೆನಿಸಿಲಿನ್ನೂ ಬಂದ ಮೇಲೆ ಆ ಬಳಕೆ ನಿಂತಿತು.

ಸುರಕ್ಷತೆಯ ನಿಯಮಗಳು

ಹೊಸ ಔಷಧವನ್ನು ಪರೀಕ್ಷಿಸದೆ ಮಾರಬಾರದೆಂಬ ನಿಯಮ ದುರಂತಗಳಿಂದ ಬಂದದ್ದು. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡನ್ನು ಸಿರಪ್ ರೂಪಕ್ಕೆ ತರಲು ಡೈಎಥಿಲೀನ್ ಗ್ಲೈಕಾಲ್ ಬಳಸಲಾಯಿತು. ಮೂತ್ರಪಿಂಡಗಳನ್ನು ಕೆಡಿಸುವ ಈ ದ್ರಾವಕದಿಂದ ನೂರಕ್ಕೂ ಹೆಚ್ಚು ಜನ, ಅದರಲ್ಲಿ ಅನೇಕ ಮಕ್ಕಳು, ಸತ್ತರು. ಮಾರಾಟಕ್ಕೆ ಮೊದಲು ಸುರಕ್ಷತೆಯನ್ನು ತೋರಿಸಬೇಕೆಂಬ ಕಾನೂನು 1938ರಲ್ಲಿ ಬಂತು. ಆ ವಿಷದ ಪರೀಕ್ಷೆಯಲ್ಲಿ ವಿದ್ಯಾರ್ಥಿನಿಯಾಗಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಕೆಲ್ಸಿ, 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅಧಿಕಾರಿಯಾಗಿ ಥಾಲಿಡೊಮೈಡ್‌ಗೆ ಅನುಮತಿ ಕೊಡದೆ ತಡೆದರು. ಜರ್ಮನಿಯಲ್ಲಿ 1957ರಿಂದ ಮಾರಾಟವಾಗುತ್ತಿದ್ದ ಈ ನಿದ್ದೆಮಾತ್ರೆಯನ್ನು ಗರ್ಭಿಣಿಯರು ಸೇವಿಸಿದ್ದರಿಂದ ಹಲವು ದೇಶಗಳಲ್ಲಿ ಸುಮಾರು 10,000 ಮಕ್ಕಳು ಕೈಕಾಲುಗಳ ಬೆಳವಣಿಗೆ ಕುಂಠಿತವಾಗಿ ಹುಟ್ಟಿದರು. 1962ರ ಅಮೆರಿಕದ ತಿದ್ದುಪಡಿ ಸುರಕ್ಷತೆಯ ಜೊತೆಗೆ ಪರಿಣಾಮಕಾರಿತ್ವದ ಸಾಕ್ಷ್ಯವನ್ನೂ ಕಡ್ಡಾಯ ಮಾಡಿತು.

ಆ ಸಾಕ್ಷ್ಯ ಒದಗಿಸುವ ಕ್ರಮ ಅಷ್ಟರಲ್ಲಿ ಸಿದ್ಧವಾಗಿತ್ತು. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ 107 ಕ್ಷಯರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, 55 ಜನರಿಗೆ ಔಷಧ ಮತ್ತು ವಿಶ್ರಾಂತಿ, 52 ಜನರಿಗೆ ವಿಶ್ರಾಂತಿ ಮಾತ್ರ ಕೊಟ್ಟು ಹೋಲಿಸಿದ್ದರು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ರೂಪಿಸಿದ ಈ ಕ್ರಮ ಇಂದಿನ ಔಷಧ ಪರೀಕ್ಷೆಗಳಿಗೆ ಅಡಿಪಾಯ.

ಪರೀಕ್ಷೆಯಲ್ಲಿ ಗೆದ್ದ ಔಷಧವೂ ಲಕ್ಷಾಂತರ ಜನರ ಬಳಕೆಗೆ ಬಂದ ಮೇಲೆ ಹೊಸ ಅಡ್ಡಪರಿಣಾಮ ತೋರಬಹುದು. ಆದ್ದರಿಂದ ಅನುಮತಿ ಪಡೆದ ನಂತರವೂ ಔಷಧಗಳ ಮೇಲೆ ಕಣ್ಣಿಡುವುದು ಔಷಧಶಾಸ್ತ್ರದ ಭಾಗವೇ ಆಗಿದೆ. ಭಾರತದಲ್ಲಿ ಇದಕ್ಕಾಗಿ 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಮೇಲ್ವಿಚಾರಣಾ ಕೇಂದ್ರಗಳಾಗಿ ಆಯ್ಕೆಯಾದ ವೈದ್ಯಕೀಯ ಕಾಲೇಜುಗಳಲ್ಲಿ ಔಷಧಶಾಸ್ತ್ರ ವಿಭಾಗಗಳೇ ಸಾಮಾನ್ಯವಾಗಿ ಅದನ್ನು ನೋಡಿಕೊಳ್ಳುತ್ತವೆ. ವಿದರಿಂಗ್ ತನ್ನ ಪುಸ್ತಕದಲ್ಲಿ ಮಾಡಿದಂತೆ, ಗುಣವಾದದ್ದರ ಜೊತೆಗೆ ಕೆಡುಕಾದದ್ದನ್ನೂ ಬರೆದಿಡುವುದು ಔಷಧ ಬರೆಯುವ ಪ್ರತಿಯೊಬ್ಬ ವೈದ್ಯರ ಕರ್ತವ್ಯ.